ಹೋರಾಟದ ಹಾಡು ಹುಡುಕುವುದು ಹೇಗೆ? ಲಿಸ್ಟ್ ಕೇಳುವವರಿಗೆ ಒಂದು ದಾರಿ

"ಕೇಳಿದರೆ ಮೈ ಜುಮ್ ಅನ್ನಬೇಕು, ಅಂಥ ಹತ್ತು ಹಾಡು ಹೇಳಿ." ಈ ಪ್ರಶ್ನೆ ಬರುತ್ತಲೇ ಇದೆ. ಕಾಲೇಜಿನಲ್ಲಿ ಬೀದಿನಾಟಕ ಮಾಡುವವರು ಕೇಳುತ್ತಾರೆ, ನವೆಂಬರ್ ಬಂತೆಂದರೆ ಕನ್ನಡ ಸಂಘದವರು ಕೇಳುತ್ತಾರೆ, ದೂರದ ಊರಲ್ಲಿ ಕೆಲಸಕ್ಕಿದ್ದು ರಾತ್ರಿ ಹೊತ್ತು ಏನಾದರೂ ಕೇಳಬೇಕು ಅನ್ನಿಸಿದವರು ಸುಮ್ನೆ ಕೇಳುತ್ತಾರೆ. ಹತ್ತು ಹೆಸರು ಬರೆದು ಕಳಿಸುವುದು ಎರಡು ನಿಮಿಷದ ಕೆಲಸ. ಆದರೆ ಅದರಿಂದ ಉಪಯೋಗ ಕಡಿಮೆ. ನನಗೆ ತಾಕಿದ್ದು ನಿಮಗೆ ತಾಕದೆ ಹೋಗಬಹುದು. ತಾಕಿದರೂ ಹತ್ತು ಮುಗಿದ ಮೇಲೆ ಮತ್ತೆ ಯಾರನ್ನಾದರೂ ಕೇಳಲೇಬೇಕು. ಅದಕ್ಕೇ ಹುಡುಕುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಂಥ ಹಾಡನ್ನು ಭಾವನೆಯ ಹೆಸರು ಹಾಕಿ ಹುಡುಕಬೇಡಿ. "ಎಮೋಷನಲ್ ಕನ್ನಡ ಸಾಂಗ್ಸ್" ಅಂತ ಹೊಡೆದು ನೋಡಿ, ಪ್ರೀತಿ ಕೈಕೊಟ್ಟ ಸಿನಿಮಾ ಹಾಡುಗಳ ಸಾಲೇ ಬರುತ್ತದೆ. ಹೋರಾಟದ ಹಾಡು ಯಾವುದೋ ಊರಲ್ಲಿ, ಯಾವುದೋ ವರ್ಷ, ಯಾವುದೋ ಸಿಟ್ಟಿಗೆ ಹುಟ್ಟಿರುತ್ತದೆ. ಆ ಊರು, ಆ ವರ್ಷ, ಆ ಸಿಟ್ಟು ಹಿಡಿದು ಹೋದರೆ ಹಾಡು ತಾನಾಗಿ ಸಿಗುತ್ತದೆ. ಕೆಳಗಿನ ಎಲ್ಲ ಹಂತಗಳ ಹಿಂದೆಯೂ ಇದೊಂದೇ ಲೆಕ್ಕ ಇದೆ.

ಏನೇನು ಬೇಕು

ಕನ್ನಡ ಕೀಬೋರ್ಡ್ ಇರುವ ಫೋನ್. ಇಲ್ಲದಿದ್ದರೆ ಈಗಲೇ ಹಾಕಿಕೊಳ್ಳಿ, ಅದಿಲ್ಲದೆ ಅರ್ಧ ಹಾಡು ಕಣ್ಣಿಗೇ ಬೀಳುವುದಿಲ್ಲ. ಒಂದು ನೋಟ್‌ಬುಕ್. ಒಂದು ಸುಮಾರಾದ ಸ್ಪೀಕರ್ ಅಥವಾ ಇಯರ್‌ಫೋನ್, ಯಾಕೆಂದರೆ ತಮಟೆ, ಡೊಳ್ಳು ಇರುವ ಹಾಡನ್ನು ಬರೀ ಫೋನಿನಲ್ಲಿ ಕೇಳಿದರೆ ತಗಡು ಬಡಿದ ಹಾಗೆ ಕೇಳಿಸುತ್ತದೆ. ಆಮೇಲೆ ತಾಳ್ಮೆ.

ಕೆಲವು ಪದಗಳು ಮುಂದೆ ಬರುತ್ತವೆ, ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಲಾವಣಿ ಅಂದರೆ ಒಂದು ಘಟನೆಯನ್ನೋ ವೀರನ ಕಥೆಯನ್ನೋ ಹೇಳುತ್ತಾ ಹೋಗುವ ಹಾಡು. ಗೀಗೀ ಪದದಲ್ಲಿ ಮುಂದೆ ನಿಂತವರು ದಪ್ಪು ಬಾರಿಸುತ್ತಾ ಹಾಡಿದರೆ ಹಿಂದಿನವರು "ಗೀಯ ಗೀಯ" ಅಂತ ಸೊಲ್ಲು ಎತ್ತುತ್ತಾರೆ. ಹೀಗೆ ಹಿಂದೆ ನಿಂತು ದನಿ ಕೂಡಿಸುವವರೇ ಹಿಮ್ಮೇಳ. ತತ್ವಪದ ಅಂದರೆ ಶಿಶುನಾಳ ಶರೀಫರಂಥವರು ಹಾಡಿದ ಅನುಭಾವದ ಪದ. ರಿವಾಯತ್ ಅಂದರೆ ಉತ್ತರ ಕರ್ನಾಟಕದಲ್ಲಿ ಮೊಹರಂ ಹೊತ್ತಿಗೆ ಕನ್ನಡದಲ್ಲೇ ಹಾಡುವ ಕರ್ಬಲಾ ಕಥೆಯ ಪದ. ಜಾಥಾ ಅಂದರೆ ಊರಿಂದ ಊರಿಗೆ ಹಾಡು, ನಾಟಕ, ಭಾಷಣ ಮಾಡುತ್ತಾ ಸಾಗುವ ತಂಡದ ಪಯಣ. ಕ್ರಾಂತಿಗೀತೆ, ಹೋರಾಟದ ಹಾಡು, ಚಳವಳಿ ಹಾಡು ಈ ಮೂರನ್ನೂ ಜನ ಹೆಚ್ಚೂಕಡಿಮೆ ಒಂದೇ ಅರ್ಥದಲ್ಲಿ ಬಳಸುತ್ತಾರೆ.

1. ಏನು ಬೇಕು ಅಂತ ಒಂದು ಸಾಲು ಬರೆಯಿರಿ

"ಪವರ್‌ಫುಲ್ ಹಾಡು ಬೇಕು" ಅಂತ ಬರೆದರೆ ಆಗಲ್ಲ. "ಜಾತಿ ಕಾರಣಕ್ಕೆ ಅವಮಾನ ಪಟ್ಟವರು ತಿರುಗಿ ಕೇಳುವ ಹಾಡು", "ಭಾಷೆಯ ಮೇಲಿನ ಪ್ರೀತಿ, ಆದರೆ ಬೇರೆಯವರನ್ನು ಬೈಯದ ಹಾಡು", "ತವರು ಬಿಟ್ಟ ಹೆಣ್ಣಿನ ಸಂಕಟ", "ಸತ್ತವರನ್ನು ನೆನೆಯುವ ಹಾಡು" ಅಂತ ಬರೆಯಿರಿ. ಯಾರ ಸಂಕಟ, ಯಾರ ವಿರುದ್ಧ, ಎಲ್ಲಿಯದು ಅನ್ನುವುದು ಬಂದರೆ ಸಾಕು.

ಅಳು ಬೇಕಾದವರು ಮತ್ತು ಸಿಟ್ಟು ಬೇಕಾದವರು ಒಂದೇ ಕಡೆ ಹುಡುಕಿ ಬೇಜಾರಾಗುವುದು ಜಾಸ್ತಿ. ಅಳು ಬೇಕಿದ್ದರೆ ಬೀಸುವ ಪದ, ರಿವಾಯತ್ ಕಡೆ ಹೋಗಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸೇರಿ ಬೀಸುವಾಗ ಹೆಂಗಸರು ಹಾಡುವ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದರು. ಅದನ್ನು ಸುಮ್ನೆ ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಅಲ್ಲಿ ಘೋಷಣೆ ಇಲ್ಲ, ಆದರೆ ಗಂಡನ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡ ಹೆಣ್ಣು ಬೀಸುವ ಕಲ್ಲಿನ ಮುಂದೆ ಏನು ಹೇಳಿಕೊಂಡಳು ಅನ್ನುವುದು ಇದೆ. ನನ್ನನ್ನು ಕೇಳಿದರೆ ಅದೂ ರಾಜಕೀಯವೇ.

2. ಘಟನೆಯನ್ನು ಹಿಡಿಯಿರಿ

ಇದೇ ಮುಖ್ಯ ಹಂತ. ನಿಮ್ಮ ಸಾಲಿಗೆ ಹತ್ತಿರವಾದ ಒಂದು ಚಳವಳಿ ಅಥವಾ ಘಟನೆ ಆರಿಸಿಕೊಳ್ಳಿ. ವರ್ಷ, ಊರು, ಸಂಘಟನೆ, ಮುಂದೆ ನಿಂತವರ ಹೆಸರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಹಾಡು ಹುಡುಕಿ. ಹೇಗೆ ಅಂತ ನಮ್ಮ ನೆಲದ ನಾಲ್ಕು ಎಳೆ ಹಿಡಿದೇ ತೋರಿಸುತ್ತೇನೆ.

ಹಳೆಯದರಿಂದ ಶುರು ಮಾಡೋಣ. 1857ರಲ್ಲಿ ಬ್ರಿಟಿಷರು ಜನರ ಕೈಯಲ್ಲಿರುವ ಹತಾರು ಕಿತ್ತುಕೊಳ್ಳುವ ಕಾನೂನು ತಂದರು. ಇವತ್ತಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಸೈನ್ಯ ಬಂತು, ಊರು ಸುಟ್ಟಿತು. ಈ ಕಥೆ ಲಾವಣಿಯಾಗಿ ಬಾಯಿಂದ ಬಾಯಿಗೆ ಬಂದು, ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲೂ ಸೇರಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತವರು ಈಗ ಹಾಡುವುದನ್ನು ಕೇಳಿ, ಅದೇ ಸಾಲು ಬೇರೆಯೇ ಆಗಿ ಕೇಳುತ್ತದೆ. ತಮಾಷೆ ಅಂದರೆ ಇಂಥ ಲಾವಣಿಗಳನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯೇ. ಜೆ.ಎಫ್. ಫ್ಲೀಟ್ ಅಂತ ಹೆಸರು, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಆ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಂಗೊಳ್ಳಿ ರಾಯಣ್ಣನ ಲಾವಣಿಗಳ ಬೆನ್ನು ಹತ್ತುವವರೂ ಇದೇ ದಾರಿ ಹಿಡಿಯಬಹುದು. ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹಾಗಾಗಿ ನಂದಗಡ, ಕಿತ್ತೂರು, ಸಂಗೊಳ್ಳಿ ಅನ್ನುವ ಊರಿನ ಹೆಸರುಗಳ ಜೊತೆ "ಗೀಗೀ ಪದ" ಅಂತ ಸೇರಿಸಿ ಹುಡುಕಿ.

ಎರಡನೆಯದು ಏಕೀಕರಣ, ಅಂದರೆ ಬೇರೆ ಬೇರೆ ಆಡಳಿತದಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆ ಒಂದಾಗಲು ನಡೆದ ಚಳವಳಿ. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದು. ಆಗ ಆ ನಾಡು ಭೂಪಟದಲ್ಲೇ ಇರಲಿಲ್ಲ ಅನ್ನುವುದನ್ನು ನೆನಪಿಟ್ಟು ಕೇಳಿ. ರಾಜ್ಯ ಆದದ್ದು 1956ರ ನವೆಂಬರ್ 1ಕ್ಕೆ. ಕರ್ನಾಟಕ ಅಂತ ಹೆಸರು ಬಂದದ್ದು 1973ಕ್ಕೆ. ಚೆನ್ನವೀರ ಕಣವಿಯವರ 'ಹೆಸರಾಯಿತು ಕರ್ನಾಟಕ' ಹುಟ್ಟಿದ್ದು ಆ ಹೆಸರಿನ ಜೊತೆಗೆ. ಇನ್ನು ಕಾಸರಗೋಡು ಕೇರಳಕ್ಕೆ ಹೋದಾಗ ಕಯ್ಯಾರ ಕಿಞ್ಞಣ್ಣ ರೈ ಬರೆದ 'ಬೆಂಕಿ ಬಿದ್ದಿದೆ ಮನೆಗೆ' ಕೇಳಿ. ನವೆಂಬರ್ ವೇದಿಕೆಯಲ್ಲಿ ಸಂಭ್ರಮದ ಹಾಡೇ ಜಾಸ್ತಿ, ಇದನ್ನು ಹಾಡುವವರು ಕಡಿಮೆ. ಗಡಿಯ ಆಚೆ ಉಳಿದವರಿಗೆ ನವೆಂಬರ್ 1 ಹೇಗಿರುತ್ತದೆ ಅನ್ನುವುದು ಈ ಒಂದು ಹಾಡಿನಿಂದ ಗೊತ್ತಾಗುತ್ತದೆ. ನನಗೆ ಏಕೀಕರಣದ ಹಾಡುಗಳಲ್ಲಿ ಇದೇ ಎಲ್ಲಕ್ಕಿಂತ ಚುಚ್ಚುವುದು.

ಮೂರನೆಯದು ದಲಿತ, ಬಂಡಾಯ ಚಳವಳಿಯ ಹಾಡುಗಳು. ಲಿಸ್ಟ್ ಕೇಳುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಾಗಿರುವುದು ಇವೇ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. 1973ರ ಬೂಸಾ ಪ್ರಕರಣದಿಂದ ಶುರು ಮಾಡಿ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂತ ಮಂತ್ರಿ ಬಿ. ಬಸವಲಿಂಗಪ್ಪ ಹೇಳಿದ್ದಕ್ಕೆ ದೊಡ್ಡ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಒಗ್ಗೂಡಲು ಅದೂ ಒಂದು ಕಾರಣವಾಯಿತು. ಅದಾದ ಮೇಲೆ ದಲಿತ ಸಂಘರ್ಷ ಸಮಿತಿ ಬಂತು. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 'ಸಮುದಾಯ' ಅನ್ನುವ ರಂಗತಂಡದವರು ಜಾಥಾ ಕಟ್ಟಿಕೊಂಡು ಊರೂರು ತಿರುಗಿದರು. ಸಿದ್ಧಲಿಂಗಯ್ಯನವರ ಕವಿತೆಗಳು ಪುಸ್ತಕದಲ್ಲಿ ಉಳಿಯಲಿಲ್ಲ, ತಮಟೆಯ ಜೊತೆ ಬೀದಿಗೆ ಬಂದವು. 'ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ' ಅನ್ನುವ ಪ್ರಶ್ನೆಯನ್ನು ಒಬ್ಬರು ಎತ್ತಿ, ಹಿಮ್ಮೇಳ ಅದನ್ನೇ ತಿರುಗಿ ಕೇಳುವಾಗ ಕೂತವರಿಗೆ ಕೂರಲು ಆಗುವುದಿಲ್ಲ. ಉತ್ತರವನ್ನೂ ಹಾಡೇ ಕೊಡುತ್ತದೆ: ಟಾಟಾ ಬಿರ್ಲಾರ ಜೋಬಿಗೆ ಬಂತು, ಬಡವರ ಮನೆಗೆ ಬರಲಿಲ್ಲ ಅಂತ. ಅದರ ಬಲ ಇರುವುದೇ ಅಲ್ಲಿ.

ಇಲ್ಲೊಂದು ಎಚ್ಚರಿಕೆ. ಬರೀ ಕವಿಯ ಹೆಸರು ಹಾಕಿ ಹುಡುಕಿದರೆ 'ಆ ಬೆಟ್ಟದಲ್ಲಿ ಬೆಳದಿಂಗಳಲ್ಲಿ' ಅನ್ನುವ ಸಿನಿಮಾ ಹಾಡು ಎದುರಾಗಬಹುದು. ಅದೂ ಸಿದ್ಧಲಿಂಗಯ್ಯನವರದ್ದೇ, ಚೆನ್ನಾಗೇ ಇದೆ, ಆದರೆ ನೀವು ಹುಡುಕುತ್ತಿರುವುದು ಅದಲ್ಲ ಅಲ್ವಾ. ಕವಿಯ ಹೆಸರಿನ ಜೊತೆ ಸಂಘಟನೆಯ ಹೆಸರನ್ನೋ ಹಾಡಿನ ಮೊದಲ ಸಾಲನ್ನೋ ಸೇರಿಸಿ.

ನಾಲ್ಕನೆಯದು ರೈತ ಚಳವಳಿ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿ ಪ್ರದೇಶದ ನರಗುಂದ, ನವಲಗುಂದದಲ್ಲಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ರಾಜ್ಯ ರೈತ ಸಂಘ ಬೆಳೆದದ್ದು ಅದರ ಬೆನ್ನಿಗೆ. ಆದರೆ ರೈತರ ಸಭೆಗಳಲ್ಲಿ ಜಾಸ್ತಿ ಕೇಳುವ ಹಾಡು ಯಾವುದು? ಕುವೆಂಪು ಎಷ್ಟೋ ಹಿಂದೆ ಬರೆದಿದ್ದ 'ನೇಗಿಲಯೋಗಿ'. 1983ರ 'ಕಾಮನಬಿಲ್ಲು' ಸಿನಿಮಾದಲ್ಲೂ ಅದು ಬಂತು, ಇವತ್ತು ಸರ್ಕಾರಿ ಕಾರ್ಯಕ್ರಮಗಳಲ್ಲಿ ರೈತಗೀತೆ ಅಂತ ಎದ್ದು ನಿಂತು ಹಾಡುತ್ತಾರೆ. ಅಂದರೆ ಹಾಡು ಚಳವಳಿಗಿಂತ ಹಳೆಯದಾಗಿರಬಹುದು. ಜನ ಆರಿಸಿಕೊಂಡಾಗ ಅದು ಹೋರಾಟದ ಹಾಡಾಗುತ್ತದೆ. ಹಾಗಾಗಿ "ರೈತ ಹೋರಾಟಕ್ಕೆ ಬರೆದ ಹಾಡು" ಅಂತ ಮಾತ್ರ ಹುಡುಕಬೇಡಿ, "ರೈತ ಸಭೆಯಲ್ಲಿ ಹಾಡಿದ ಹಾಡು" ಅಂತಲೂ ಹುಡುಕಿ.

3. ಟೈಪ್ ಮಾಡುವ ವಿಧಾನ

ಕನ್ನಡದ ಹಳೆಯ ರೆಕಾರ್ಡಿಂಗ್‌ಗಳು ಕಾಣದೆ ಉಳಿಯಲು ಒಂದು ಕಾರಣ ಕಾಗುಣಿತ. ಹಾಕಿದವರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ಮೊದಲು ಕನ್ನಡ ಲಿಪಿಯಲ್ಲಿ ಹುಡುಕಿ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಥರ ಬರೆದು ಹುಡುಕಿ: ದೀರ್ಘಕ್ಕೆ ಒಂದು 'ಎ' ಹಾಕಿ ಒಮ್ಮೆ, ಎರಡು 'ಎ' ಹಾಕಿ ಒಮ್ಮೆ, ಒತ್ತಕ್ಷರ ಬಿಟ್ಟು ಒಮ್ಮೆ, ಇಟ್ಟು ಒಮ್ಮೆ. 'ಹಾಡು' ಒಂದನ್ನೇ ಜನ ಎರಡು ಮೂರು ಥರ ಬರೆಯುತ್ತಾರೆ. 'ಇಕ್ರಲಾ ವದೀರ್ಲಾ' ಅನ್ನುವಂಥ ಆಡುಮಾತಿನ ಸಾಲಾದರೆ ಕನ್ನಡ ಲಿಪಿಯಲ್ಲೂ ಎರಡು ಮೂರು ರೂಪ ಹಾಕಿ ನೋಡಬೇಕು.

ಹಾಡಿನ ಹೆಸರು ಗೊತ್ತಿಲ್ಲದಿದ್ದರೆ ಮೂರು ಪದ ಜೋಡಿಸಿ: ಊರು ಅಥವಾ ಚಳವಳಿ, ಹಾಡಿನ ಬಗೆ, ವಾದ್ಯ. "ಕೋಲಾರ ಹೋರಾಟದ ಹಾಡು ತಮಟೆ", "ವಿಜಯಪುರ ಮೊಹರಂ ರಿವಾಯತ್ ಪದ" ಹೀಗೆ. 'ಸೂಪರ್', 'ಬೆಸ್ಟ್', 'ಟಾಪ್' ಅನ್ನುವ ಪದಗಳನ್ನು ಹಾಕಲೇಬೇಡಿ. ಅವನ್ನು ಹಾಕಿದರೆ ನೋಟ ಹೆಚ್ಚಿಸಿಕೊಳ್ಳಲು ಮಾಡಿದ ಮಿಕ್ಸ್‌ಗಳೇ ಮೇಲೆ ಬರುತ್ತವೆ.

ಸಿಕ್ಕ ವಿಡಿಯೋ ಕೆಳಗಿನ ಕಾಮೆಂಟ್ ಓದಿ. ಗಲಾಟೆಯ ನಡುವೆ ಯಾರೋ ಒಬ್ಬರು "ಇದು ನಮ್ಮ ತಾಲೂಕಿನ ಸಭೆಯಲ್ಲಿ ಹಾಡಿದ್ದು, ಹಾಡಿದವರು ಇಂಥವರು" ಅಂತ ಬರೆದಿರುತ್ತಾರೆ. ಆ ಹೆಸರು ನೋಟ್‌ಬುಕ್ಕಿಗೆ ಹೋಗಬೇಕು, ಮುಂದಿನ ಹುಡುಕಾಟ ಅಲ್ಲಿಂದ. ಬರೀ ನೂರಿನ್ನೂರು ಜನ ನೋಡಿರುವ, ಕ್ಯಾಮೆರಾ ಅಲ್ಲಾಡುವ ವಿಡಿಯೋ ಅಂತ ಬಿಡಬೇಡಿ. ಒಳ್ಳೆಯ ಸರಕು ಹೆಚ್ಚಾಗಿ ಅಲ್ಲೇ ಇರುತ್ತದೆ.

4. ರಾಗ ಮಾತ್ರ ನೆನಪಿದ್ದರೆ

ಗೂಗಲ್ ಆ್ಯಪ್‌ನಲ್ಲಿ ಮೈಕ್ ಒತ್ತಿ ರಾಗ ಗುನುಗಿದರೆ ಹಾಡು ಹುಡುಕಿಕೊಡುವ ಸೌಲಭ್ಯ 2020ರಿಂದ ಇದೆ. ಸಿನಿಮಾ ಹಾಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೀದಿಯ ಹಾಡಿಗೆ ಅಷ್ಟಾಗಿ ಇಲ್ಲ. ಶಝಾಮ್ ಥರದ ಆ್ಯಪ್‌ಗಳು ಬಿಡುಗಡೆಯಾದ ರೆಕಾರ್ಡಿಂಗನ್ನು ಗುರುತಿಸುತ್ತವೆ, ಮೆರವಣಿಗೆಯಲ್ಲಿ ಹಾಡಿದ್ದಕ್ಕೆ ಅವುಗಳಿಂದ ಉಪಯೋಗ ಇಲ್ಲ. ಅಂಥ ಹೊತ್ತಲ್ಲಿ ನೆನಪಿರುವ ಎರಡು ಮೂರು ಪದ ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. ಅದೂ ಆಗದಿದ್ದರೆ ಗುನುಗಿ ರೆಕಾರ್ಡ್ ಮಾಡಿ ಗೊತ್ತಿರುವ ಮೇಷ್ಟ್ರಿಗೋ ರಂಗಭೂಮಿಯವರಿಗೋ ಕಳಿಸಿ, ಈ ವಿಷಯದಲ್ಲಿ ಆ್ಯಪ್‌ಗಿಂತ ಅವರೇ ಬೇಗ.

5. ಒಂದೇ ಹಾಡನ್ನು ಮೂರು ಗಂಟಲಲ್ಲಿ ಕೇಳಿ

ಹಾಡು ಸಿಕ್ಕಿತು ಅಂತ ತಕ್ಷಣ ಲೈಕ್ ಒತ್ತಿ ಮುಂದೆ ಹೋಗಬೇಡಿ. ಸಾಧ್ಯವಾದರೆ ಮೂರು ಆವೃತ್ತಿ ಕೇಳಿ: ಸ್ಟುಡಿಯೋದ್ದು, ವೇದಿಕೆಯದ್ದು, ಬೀದಿಯದ್ದು. ಕೀಬೋರ್ಡು, ಕೊಳಲು ಹಾಕಿ ಮೆತ್ತಗೆ ಮಾಡಿದ ಸ್ಟುಡಿಯೋ ಆವೃತ್ತಿ ನನಗಂತೂ ರುಚಿಸುವುದಿಲ್ಲ, ಆದರೆ ಪದ ಸ್ಪಷ್ಟವಾಗಿ ಕೇಳುವುದು ಅದರಲ್ಲೇ. ಅದನ್ನು ಕೇಳಿ ಸಾಹಿತ್ಯ ಬರೆದುಕೊಂಡು, ಆಮೇಲೆ ಬೀದಿಯ ಆವೃತ್ತಿಗೆ ಬನ್ನಿ.

ಕೇಳುವಾಗ ಹಾಡುವವರ ಜೊತೆ ಜನ ಏನು ಮಾಡುತ್ತಿದ್ದಾರೆ ಅನ್ನುವುದಕ್ಕೂ ಕಿವಿ ಕೊಡಿ. ಇದಕ್ಕೆ ಒಳ್ಳೆಯ ಪಾಠ ಬೇಕಿದ್ದರೆ ಉರ್ದು ಕವಿ ಫೈಜ್ ಅಹ್ಮದ್ ಫೈಜ್ 1979ರಲ್ಲಿ ಬರೆದ 'ಹಮ್ ದೇಖೇಂಗೆ' ಕೇಳಿ. ಪಾಕಿಸ್ತಾನದಲ್ಲಿ ಜಿಯಾ ಉಲ್ ಹಕ್ ಆಡಳಿತ ಇದ್ದಾಗ, 1986ರಲ್ಲಿ ಲಾಹೋರಿನ ಅಲ್‌ಹಮ್ರಾ ಸಭಾಂಗಣದಲ್ಲಿ ಗಾಯಕಿ ಇಕ್ಬಾಲ್ ಬಾನೊ ಅದನ್ನು ಹಾಡಿದರು. ಆ ರೆಕಾರ್ಡಿಂಗ್ ಉಳಿದಿದೆ. ನಡುನಡುವೆ ಜನ ಚಪ್ಪಾಳೆ ನಿಲ್ಲಿಸುವುದೇ ಇಲ್ಲ, 'ಇಂಕ್ವಿಲಾಬ್ ಜಿಂದಾಬಾದ್' ಅಂತ ಕೂಗುತ್ತಾರೆ, ಬಾನೊ ಕಾದು ಮತ್ತೆ ಎತ್ತಿಕೊಳ್ಳುತ್ತಾರೆ. ಉರ್ದು ಬಾರದವರಿಗೂ ಅಲ್ಲಿ ಏನೋ ನಡೆಯುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಅರ್ಥ ಓದಿ. ಅದರಲ್ಲಿ ಕುರಾನಿನ ಚಿತ್ರಗಳನ್ನು ದೊರೆಗಳ ವಿರುದ್ಧ ತಿರುಗಿಸಿದ್ದಾರೆ. ಇದು ಗೊತ್ತಿಲ್ಲದೆ ಎರಡು ಸಾಲು ಮಾತ್ರ ಹಿಡಿದು, 2019ರ ಕೊನೆಗೆ ಐಐಟಿ ಕಾನ್ಪುರದಲ್ಲಿ ವಿದ್ಯಾರ್ಥಿಗಳು ಇದನ್ನು ಹಾಡಿದ್ದಕ್ಕೆ ದೂರು ಹೋಗಿ ಸಮಿತಿಯೇ ಕೂತಿತು.

ತುಂಬ ಜನ ಎಡವುವುದು ಇಲ್ಲೇ. ಸ್ಟೇಟಸ್‌ನಲ್ಲಿ ಕೇಳಿದ ಪಲ್ಲವಿಯನ್ನೇ ಹಾಡು ಅಂದುಕೊಳ್ಳುತ್ತಾರೆ. ಹೋರಾಟದ ಹಾಡಿನಲ್ಲಿ ಪಲ್ಲವಿ ಜನ ಕೂಗಲಿಕ್ಕೆ, ವಿಷಯ ಇರುವುದು ಚರಣದಲ್ಲಿ. ಪೂರ್ತಿ ಕೇಳಿ.

ಇನ್ನೊಂದು, ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಮೈ ಬಿಸಿ ಮಾಡುವ ಹಾಡೆಲ್ಲ ಹೋರಾಟದ ಹಾಡಲ್ಲ. ಒಂದೆರಡು ಇಂಥ ಹಾಡು ಕೇಳಿದ ಕೂಡಲೇ ಆಟೋಪ್ಲೇ ನಿಮ್ಮನ್ನು ಚುನಾವಣೆ ಪ್ರಚಾರ ಗೀತೆಗೋ, ಡಿಜೆ ಹಾಕಿ ಇನ್ನೊಂದು ಧರ್ಮದವರನ್ನು ಕೆಣಕಲು ಮಾಡಿದ ಹಾಡಿಗೋ ಕರೆದೊಯ್ಯುತ್ತದೆ. ಅದೇ ಢಂಢಂ, ಅದೇ ಕೂಗು, ರೋಮಾಂಚನವೂ ಆಗುತ್ತದೆ. ಪರೀಕ್ಷೆ ಸುಲಭ: ಸಂಗೀತ ನಿಲ್ಲಿಸಿ ಸಾಹಿತ್ಯವನ್ನು ಸಾದಾ ಮಾತಿನಲ್ಲಿ ಜೋರಾಗಿ ಓದಿ. ಯಾರ ನೋವನ್ನು ಹೇಳುತ್ತಿದೆ? ಬರೀ ಒಬ್ಬ ನಾಯಕನ ಹೆಸರು ಬರುತ್ತಿದೆಯಾ? ಬೈಸಿಕೊಳ್ಳುತ್ತಿರುವವರು ನಿಮ್ಮ ಬೀದಿಯ ಬಡವರಾ, ಅಧಿಕಾರ ಇರುವವರಾ? ಓದುವಾಗ ನಾಚಿಕೆ ಆದರೆ ಬಿಟ್ಟುಬಿಡಿ. ಆಟೋಪ್ಲೇ ಮೊದಲೇ ಆಫ್ ಮಾಡಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

6. ಹಾಡಿನ ಬೇರು ಹಿಡಿದು ಆಚೆ ಹೋಗಿ

ಒಂದು ಹಾಡು ಇಷ್ಟವಾದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ನೋಡಿ. ಒಂದರಿಂದ ಐದು ಸಿಗುತ್ತವೆ. ಶಾಲೆಯಲ್ಲಿ ಸಾಲಾಗಿ ನಿಂತು 'ಹಮ್ ಹೋಂಗೆ ಕಾಮ್ಯಾಬ್' ಹಾಡಿದವರು ನಾವೆಲ್ಲ. ಅದು ಗಿರಿಜಾ ಕುಮಾರ್ ಮಾಥುರ್ ಹಿಂದಿಗೆ ತಂದದ್ದು, ಮೂಲ 'ವಿ ಶಲ್ ಓವರ್‌ಕಮ್'. ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಳಲ್ಲಿ ಅದರ ಬೇರಿದೆ. 1945ರಲ್ಲಿ ಶುರುವಾದ ಚಾರ್ಲ್ಸ್‌ಟನ್ ಊರಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕೆಲಸದ ಹೆಂಗಸರು ಅದನ್ನು ಹಾಡಿದರು. ಅಲ್ಲಿಂದ ನಾಗರಿಕ ಹಕ್ಕುಗಳ ಚಳವಳಿಗೆ ಬಂತು, 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಜೋನ್ ಬಯೆಜ್ ಹಾಡಿದರು. ನಮ್ಮಲ್ಲಿ ಅದು ಪ್ರಾರ್ಥನೆಯ ಹೊತ್ತಿನ ಸಾಧು ಹಾಡಾಗಿ ಕೂತಿದೆ. ಮುಷ್ಕರದ ಕಥೆ ತಿಳಿದು ಮತ್ತೆ ಕೇಳಿ ನೋಡಿ.

'ಬೆಲ್ಲಾ ಚಾವ್' ಬಹಳ ಜನಕ್ಕೆ ಸ್ಪ್ಯಾನಿಷ್ ವೆಬ್ ಸೀರೀಸ್‌ನಿಂದ ಗೊತ್ತು. ಅದು ಇಟಲಿಯಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವರ ಹಾಡು. ಭತ್ತದ ಗದ್ದೆಯ ಹೆಂಗಸರ ಹಳೇ ಹಾಡಿನಿಂದ ಅದು ಬಂತು ಅಂತ ಎಲ್ಲ ಕಡೆ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಆ ಗದ್ದೆಯ ಪದಗಳನ್ನು ಬರೆದದ್ದು ಯುದ್ಧ ಮುಗಿದ ಮೇಲೆ. ಚೆಂದದ ಕಥೆ ಇದ್ದ ಕಡೆ ಸ್ವಲ್ಪ ಅನುಮಾನ ಇರಲಿ.

ಅಷ್ಟು ದೂರ ಹೋಗದಿದ್ದರೂ ನಡೆಯುತ್ತದೆ. ಪಕ್ಕದ ತೆಲುಗಿನಲ್ಲಿ 2023ರಲ್ಲಿ ತೀರಿಕೊಂಡ ಗದ್ದರ್ ಅವರ ಹಾಡುಗಳಿವೆ. ಕಂಬಳಿ ಹೊದ್ದು, ಕೋಲು ಹಿಡಿದು, ಗೆಜ್ಜೆ ಕಟ್ಟಿ ಹಾಡುತ್ತಿದ್ದವರು. ಕೋಲಾರ, ಬಳ್ಳಾರಿ, ರಾಯಚೂರು ಕಡೆಯವರಿಗೆ ಭಾಷೆಯ ತೊಡಕೂ ಇಲ್ಲ. ತಮಿಳಿನಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದ ಹಾಡುಗಳಿವೆ. 2020–21ರಲ್ಲಿ ದೆಹಲಿ ಗಡಿಯಲ್ಲಿ ಕೂತ ರೈತರ ಪಂಜಾಬಿ ಹಾಡುಗಳಿವೆ.

ಹಾಗೇ ಹಿಂದಕ್ಕೂ ಹೋಗಿ. ಕನಕದಾಸರ 'ಕುಲ ಕುಲ ಕುಲವೆಂದು ಹೊಡೆದಾಡದಿರಿ' ಭಜನೆಯ ಸಾಲಿನಲ್ಲಿ ಬಂದು ಹೋಗುವುದರಿಂದ ನಾವು ಕಿವಿಗೊಡುವುದಿಲ್ಲ. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಘಂಟಸಾಲ ಹಾಡಿದ 'ಕುಲದಲ್ಲಿ ಕೀಳ್ಯಾವುದೋ' ಕೂಡ ಹಾಗೇ, ಆರ್ಕೆಸ್ಟ್ರಾದಲ್ಲಿ ಕುಣಿಯಲು ಹಾಕುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

7. ಎದುರಿಗೆ ಕೂತು ಕೇಳಿ

ಇದಕ್ಕೆ ಬದಲಿ ಇಲ್ಲ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಡಿಸೆಂಬರ್ 6ರ ಪರಿನಿಬ್ಬಾಣ ದಿನ, ಜುಲೈ 21ರ ರೈತ ಹುತಾತ್ಮ ದಿನ, ಮೇ 1, ಇವು ಹಾಡು ಕೇಳುವ ದಿನಗಳು. ದೊಡ್ಡ ವೇದಿಕೆಗಿಂತ ತಾಲೂಕು ಮಟ್ಟದ ಕಾರ್ಯಕ್ರಮಕ್ಕೆ ಹೋಗಿ. ಭಾಷಣ ಶುರುವಾಗುವ ಮುಂಚೆ ಹೋಗಿ, ಜನ ಸೇರುವವರೆಗೆ ಹಾಡುತ್ತಿರುತ್ತಾರೆ, ಒಳ್ಳೆಯದೆಲ್ಲ ಆಗಲೇ ಮುಗಿದಿರುತ್ತದೆ. ಮೊಹರಂ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೋಗಿ, ಎಷ್ಟೋ ಕಡೆ ರಿವಾಯತ್ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಜಾನಪದದ ಹಿನ್ನೆಲೆ ತಿಳಿಯಲು ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವೆ.

ರೆಕಾರ್ಡ್ ಮಾಡುವುದಾದರೆ ಮೊದಲು ಕೇಳಿ, 'ಮಾಡಬಹುದಾ, ಹಾಕಬಹುದಾ' ಅಂತ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಮಾಡಲು ಒಪ್ಪಿದವರು ನೆಟ್‌ನಲ್ಲಿ ಹಾಕಲು ಒಪ್ಪದಿರಬಹುದು. ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ. ತಮಟೆಯ ಹತ್ತಿರ ನಿಲ್ಲಬೇಡಿ, ಸದ್ದು ಒಡೆದು ಪದವೇ ಕೇಳುವುದಿಲ್ಲ. ಹಾಡುವವರ ಕಡೆ ಸರಿದು, ವಾದ್ಯದಿಂದ ಹತ್ತು ಹದಿನೈದು ಅಡಿ ದೂರ ಇದ್ದು, ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ ಆಮೇಲೆ ಪೂರ್ತಿ ಮಾಡಿ. ಮುಗಿದ ಮೇಲೆ ಹಾಡಿದವರ ಬಾಯಲ್ಲೇ ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅದೇ ರೆಕಾರ್ಡಿಂಗ್‌ನ ಕೊನೆಗೆ ಹೇಳಿಸಿ. "ಇನ್ನೊಂದು ಸಲ, ಸ್ವಲ್ಪ ಜೋರಾಗಿ" ಅಂತ ಆರ್ಡರ್ ಮಾಡಲು ಹೋಗಬೇಡಿ. ದೂರದಿಂದ ಬಂದ ಕಲಾವಿದರಾದರೆ ಬಸ್ ಚಾರ್ಜಿಗಾದರೂ ಏನಾದರೂ ಕೊಡಿ, ಬರೀ ಚಪ್ಪಾಳೆಯಲ್ಲಿ ಮುಗಿಸಬೇಡಿ.

8. ಹಂಚುವ ಮುಂಚೆ

ಹೆಸರು ಸರಿ ಇದೆಯಾ ನೋಡಿ. "ಸಾಹಿತ್ಯ: ಜಾನಪದ" ಅಂತ ಕಣ್ಣುಮುಚ್ಚಿ ಹಾಕುವುದು ದೊಡ್ಡ ರೋಗ. ಕವಿ ಗೊತ್ತಿರುವ ಹಾಡಿಗೂ ಹಾಗೇ ಹಾಕುತ್ತಾರೆ, ಅದು ಬರೆದವರಿಗೆ ಮಾಡುವ ಮೋಸ. ವಾಟ್ಸ್ಆ್ಯಪ್‌ನಲ್ಲಿ ಬಸವಣ್ಣ, ಕುವೆಂಪು ಹೆಸರಲ್ಲಿ ಓಡಾಡುವ ಸಾಲುಗಳನ್ನಂತೂ ಪುಸ್ತಕದಲ್ಲಿ ನೋಡದೆ ನಂಬಲೇಬೇಡಿ.

ಹಕ್ಕಿನ ವಿಷಯ: ನಮ್ಮ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಲೆಕ್ಕ ನೀವೇ ಹಾಕಿ. 1889ರಲ್ಲಿ ತೀರಿಕೊಂಡ ಶರೀಫರ ಪದ ಯಾರು ಬೇಕಾದರೂ ಹಾಡಬಹುದು, ಆದರೆ ಅದನ್ನು ಇನ್ನೊಬ್ಬರು ಹಾಡಿದ ರೆಕಾರ್ಡಿಂಗಿಗೆ ಬೇರೆ ಹಕ್ಕಿದೆ. ಹಾಗಾಗಿ ಕ್ಯಾಸೆಟ್ ಕಂಪನಿಯ ಆಡಿಯೋ ಎತ್ತಿ ಹಾಕುವ ಬದಲು ಲಿಂಕ್ ಹಂಚಿ, ಇಲ್ಲವೇ ನೀವೇ ಹಾಡಿ.

ಇನ್ನು, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಅಡಿ ಅಪರಾಧ, ಹಾಡೂ ಅದರೊಳಗೆ ಬರುತ್ತದೆ. "ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದು" ಅನ್ನುವ ಮಾತು ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ. ಐದನೇ ಹಂತದ ಓದುವ ಪರೀಕ್ಷೆ ಮಾಡಿದ್ದರೆ ಈ ಕಷ್ಟ ಬರಲ್ಲ.

ಹಾಕುವಾಗ ಹಾಡಿನ ಮೊದಲ ಸಾಲು, ಕವಿ, ಹಾಡಿದವರು, ಊರು, ವರ್ಷ, ಯಾವ ಸಭೆ ಇಷ್ಟನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ವಿವರಣೆಯಲ್ಲಿ ಬರೆಯಿರಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಅಂದಾಜಿಗೆ ತುಂಬಬೇಡಿ. ಗೊತ್ತಿರುವ ಯಾರಾದರೂ ಕೆಳಗೆ ಬರೆದು ತಿಳಿಸುತ್ತಾರೆ, ಆಗ ತಿದ್ದಿದರಾಯಿತು.